ನಾನು ಬೀಳಿಸದ ತಂಗಿ

ತಂಗಿ ಹುಟ್ಟಿದಾಗ ನನಗೆ ಎಂಟು ವರ್ಷ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ನನಗೂ ಅವಳಿಗೂ ನಡುವೆ ಅಮ್ಮನಿಗೆ ಎರಡು ಗಂಡು ಕೂಸುಗಳು ಹುಟ್ಟಿ ತೀರಿಕೊಂಡಿದ್ದವು. ಒಂದಕ್ಕೆ ಹೆಸರಿಡುವಷ್ಟೂ ಸಮಯ ಸಿಗಲಿಲ್ಲ, ಇನ್ನೊಂದು ಸಿಡುಬಿನಲ್ಲಿ ಹೋಯಿತು. ಹಾಗಾಗಿ ಇವಳು ಹುಟ್ಟಿದಾಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಸಂತೋಷಪಡಲಿಲ್ಲ. ಸಂತೋಷಪಟ್ಟರೆ ಯಾರಾದರೂ ಕೇಳಿಸಿಕೊಂಡು ಬಂದು ಇದನ್ನೂ ಎತ್ತಿಕೊಂಡು ಹೋಗುತ್ತಾರೇನೋ ಅನ್ನುವ ಹಾಗೆ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು.

ನಮ್ಮ ಊರು ಚಿಂತಾಮಣಿ ತಾಲ್ಲೂಕಿನಲ್ಲಿ, ಕೆಂಚಾರ್ಲಹಳ್ಳಿಗೆ ನಡೆದೇ ಹೋಗಿಬರಬಹುದಾದಷ್ಟು ಹತ್ತಿರ. ರಾಗಿ ಹೊಲವಿತ್ತು, ಬಾವಿಯ ಕೆಳಗೆ ರೇಷ್ಮೆ ಸೊಪ್ಪಿನ ತೋಟವಿತ್ತು, ಮನೆಯ ಅರ್ಧ ಜಾಗ ಹುಳುಗಳದ್ದು. ಹುಳು ಸಾಕುವ ಮನೆಯಲ್ಲಿ ದೊಡ್ಡವರಿಗೆ ಕೈ ಬಿಡುವಾಗುವುದಿಲ್ಲ. ಸೊಪ್ಪು ಬಿಡಿಸಬೇಕು, ಹೆಚ್ಚಬೇಕು, ಹಾಕಬೇಕು, ತಟ್ಟೆ ಬದಲಾಯಿಸಬೇಕು. ಅಮ್ಮ ಬಾಣಂತನ ಮುಗಿಸಿ ಎದ್ದ ಮೇಲೆ ಕೂಸು ನನ್ನ ಸೊಂಟಕ್ಕೆ ಬಂತು. ಆಗ ಹಾಗೇ ಇತ್ತು, ಮನೆಯ ದೊಡ್ಡ ಹುಡುಗಿ ಅಂದರೆ ಸೊಂಟದ ಮೇಲೆ ಒಂದು ಮಗು ಇರಲೇಬೇಕು. ಸ್ಕೂಲಿಗೂ ಎತ್ತಿಕೊಂಡೇ ಹೋಗುತ್ತಿದ್ದೆ. ಮೇಷ್ಟ್ರು ಏನೂ ಅನ್ನುತ್ತಿರಲಿಲ್ಲ. ನನ್ನ ಹಾಗೆ ಮಗು ಎತ್ತಿಕೊಂಡು ಬರುವ ಹುಡುಗಿಯರು ಇನ್ನೂ ಇದ್ದರು, ನಾವೆಲ್ಲ ಬಾಗಿಲ ಹತ್ತಿರ ಕೂರುತ್ತಿದ್ದೆವು.

ಹಾಗಾಗಿ ತಂಗಿ ಬೆಳೆದದ್ದನ್ನು ಮನೆಯಲ್ಲಿ ಎಲ್ಲರಿಗಿಂತ ಹತ್ತಿರದಿಂದ ಕಂಡವಳು ನಾನು. ಅವಳ ಕತ್ತು ನಿಂತದ್ದು ನನ್ನ ಹೆಗಲಿಗೆ ಗೊತ್ತಾಯಿತು; ಅಲ್ಲಿಯವರೆಗೆ ಸೋರೆಕಾಯಿಯ ಹಾಗೆ ಒರಗುತ್ತಿದ್ದ ತಲೆ ಒಂದು ದಿನ ನೆಟ್ಟಗಾಗಿ ಅತ್ತ ಇತ್ತ ತಿರುಗತೊಡಗಿತು. ಬೋರಲು ಬಿದ್ದಾಗ ಅಜ್ಜಿ ಕಡುಬು ಮಾಡಿದಳು. ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ದಿನ ಅಪ್ಪ ಹೊಸ್ತಿಲ ಮೇಲೆ ಕಾಯಿ ಒಡೆದ. ಕಡ್ಲೆಪುರಿ ಹರಡಿ ಮುಂದೆ ಕೂರಿಸಿದರೆ ಮೊದಲು ಅಂಗೈಯಲ್ಲಿ ಬಾಚುತ್ತಿದ್ದವಳು, ಆಮೇಲೆ ಎರಡೇ ಬೆರಳಲ್ಲಿ ಒಂದೊಂದೇ ಪುರಿ ಎತ್ತಿ ಬಾಯಿಗಿಡುವುದನ್ನು ಕಲಿತಳು. ಅದನ್ನು ನೋಡುವುದಕ್ಕೆ ಅಮ್ಮ ಸೊಪ್ಪಿನ ಕೈ ಒರೆಸಿಕೊಂಡು ಬರುತ್ತಿದ್ದಳು. "ಏನು ನಯ ನೋಡೆ ಬೆರಳಲ್ಲಿ! ಇವಳು ನೂಲು ತೆಗಿಯೋಕೆ ಸರಿ," ಅನ್ನುತ್ತಿದ್ದಳು. ತಂಗಿ ನನ್ನನ್ನು "ಅತ್ತ" ಅಂತ ಕರೆಯುತ್ತಿದ್ದಳು. ಅಕ್ಕ ಅನ್ನೋದಕ್ಕೆ ನಾಲಿಗೆ ಇನ್ನೂ ತಿರುಗುತ್ತಿರಲಿಲ್ಲ. ಅಮ್ಮ, ತಾತ, ಬೂ, ಕಾಕಾ, ಇನ್ನೂ ಏನೇನೋ ಬರುತ್ತಿದ್ದವು. ವರ್ಷ ತುಂಬಿದ ಮೇಲೆ ಹುಳುವಿನ ತಟ್ಟೆಗಳ ಸ್ಟ್ಯಾಂಡು ಹಿಡಿದು ನಿಂತಳು, ಸ್ವಲ್ಪ ದಿನಕ್ಕೆ ಅದನ್ನು ಬಿಟ್ಟು ಕಾಲು ಅಗಲಿಸಿಕೊಂಡು ನನ್ನ ಕಡೆಗೆ ನಡೆದು ಬಂದಳು. ಅವತ್ತಿನಿಂದ ಮನೆಯಲ್ಲಿ ಮೆಲ್ಲಗೆ ಮಾತಾಡುವುದು ನಿಂತಿತು. ಈ ಮಗು ಉಳಿಯುತ್ತೆ ಅಂತ ಅಜ್ಜಿಯೇ ಬಾಯಿಬಿಟ್ಟು ಹೇಳಿದಳು.

ಉಳಿಯಿತು. ಆದರೆ ಅದರೊಳಗಿಂದ ಏನೋ ಹೊರಟುಹೋಯಿತು.

ಯಾವಾಗ ಶುರುವಾಯಿತೆಂದು ಹೇಳುವುದು ಕಷ್ಟ. ಒಂದು ದಿನ ಆದದ್ದಲ್ಲ. ಮೊದಲು ಕರೆದರೆ ತಿರುಗುವುದು ಕಡಿಮೆಯಾಯಿತು. ಕಿವಿ ಮಂದವೇನೋ ಅಂತ ಅಮ್ಮ ಹಿಂದಿನಿಂದ ತಟ್ಟೆ ಬಡಿದು ನೋಡಿದಳು. ತಂಗಿ ಬೆಚ್ಚಿಬಿದ್ದು ಅತ್ತಳು, ಕಿವಿ ಕೇಳುತ್ತಿತ್ತು. ಆಮೇಲೆ ಮಾತು. ಹೊಸ ಮಾತು ಬರಲಿಲ್ಲ, ಇದ್ದ ಮಾತೂ ಹೋಗುತ್ತಾ ಬಂತು. ಕಾಕಾ ಹೋಯಿತು, ಬೂ ಹೋಯಿತು, ನನ್ನ ಅತ್ತ ಹೋಯಿತು. ಅಮ್ಮ ಅನ್ನುವುದು ಎಲ್ಲಕ್ಕಿಂತ ಹೆಚ್ಚು ದಿನ ಇತ್ತು. ಆಮೇಲೆ ಅದೂ ಬರೀ 'ಮ್ಮ್' ಆಗಿ, ಅದೂ ನಿಂತಿತು.

ಕೈಯದ್ದು ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಮಧ್ಯಾಹ್ನ ನಡುಮನೆಯಲ್ಲಿ ಅವಳ ಮುಂದೆ ಪುರಿ ಹರಡಿದ್ದೆ. ಅವಳಿಗೆ ಹಸಿವಾಗಿತ್ತು. ಪುರಿಯನ್ನೇ ನೋಡುತ್ತಿದ್ದಳು, ಬಾಯಿ ತೆರೆದಿದ್ದಳು, ಮೈಯೆಲ್ಲ ಮುಂದಕ್ಕೆ ಬಾಗಿತ್ತು. ಕೈ ಮಾತ್ರ ಹೋಗಲಿಲ್ಲ. ಎರಡು ಕೈಯೂ ಎದೆಯ ಹತ್ತಿರ ಬಂದು ಒಂದನ್ನೊಂದು ಹಿಡಿದು ತಿಕ್ಕತೊಡಗಿದವು, ಬಾವಿ ಕಟ್ಟೆಯಲ್ಲಿ ಕೂತು ಕೈ ತೊಳೆಯುತ್ತಾರಲ್ಲ, ಹಾಗೆ. ನಾನು ಒಂದು ಕೈ ಬಿಡಿಸಿ ಬೆರಳ ನಡುವೆ ಪುರಿ ಇಟ್ಟೆ. ಬೆರಳು ಮುಚ್ಚಲಿಲ್ಲ. ಪುರಿ ಉದುರಿತು. ಅವಳು ನನ್ನ ಮುಖ ನೋಡಿ ಜೋರಾಗಿ ಅಳತೊಡಗಿದಳು. ಆ ಅಳು ಸಂಜೆಯವರೆಗೂ ನಿಲ್ಲಲಿಲ್ಲ. ಅವತ್ತಿನಿಂದ ಆ ಕೈಗಳು ಎಚ್ಚರ ಇರುವಷ್ಟು ಹೊತ್ತೂ ಒಂದನ್ನೊಂದು ತಿಕ್ಕುತ್ತಲೇ ಇದ್ದವು. ಚರ್ಮ ಕೆಂಪಾಗಿ ಹುಣ್ಣಾಯಿತು. ಅಮ್ಮ ಹಳೆ ಸೀರೆ ಹರಿದು ಒಂದೊಂದು ಕೈಗೂ ಸುತ್ತಿ ಕಟ್ಟಿದಳು. ಬಟ್ಟೆಯೊಳಗೂ ತಿಕ್ಕುತ್ತಿದ್ದಳು.

ಅಜ್ಜಿ ಆಂಧ್ರದ ಗಡಿಯಾಚೆಯಿಂದ ಬಂದವಳು, ದುಃಖ ಬಂದರೆ ತೆಲುಗೇ ಬರುತ್ತಿತ್ತು. "ಅಯ್ಯೋ ನಾ ತಲ್ಲೀ, ಏಮೈಂದೇ ನೀಕು," ಏನಾಯಿತೇ ನಿನಗೆ ಅಂತ ಮಗುವಿನ ಮುಂದೆ ಕೂತು ಅಳುತ್ತಿದ್ದಳು. ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು, ಹರಕೆ ಹೊತ್ತಳು. ಯಾವುದೂ ಹತ್ತಲಿಲ್ಲ. ಆಗ ಮೊದಲನೇ ಸಲ ನನ್ನನ್ನು ಕೇಳಿದವಳೂ ಅವಳೇ. ಪ್ರೀತಿಯಿಂದಲೇ ಕೇಳಿದಳು.

"ಎಲ್ಲಾದ್ರೂ ಬಿತ್ತೇನಮ್ಮ ಕೂಸು? ನಿನ್ ಕೈಯಿಂದ?"

"ಇಲ್ಲಜ್ಜಿ."

"ನೆನಪು ಮಾಡ್ಕೊ."

"ಇಲ್ಲ."

ನಾನು ಬೀಳಿಸಿರಲಿಲ್ಲ. ಇದನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ನನಗೇ ಇದನ್ನು ಹೇಳುವುದು ಕಷ್ಟವಾಗುತ್ತಾ ಹೋಯಿತು.

ಅಜ್ಜಿಯ ನಂತರ ಅಮ್ಮ ಕೇಳಿದಳು. ಬಾವಿ ಹತ್ತಿರ ನೀರು ಸೇದುವ ಹೆಂಗಸರು ಕೇಳಿದರು. ಪಕ್ಕದ ಮನೆಯ ದೊಡ್ಡಮ್ಮ ದಾರಿಯಲ್ಲಿ ನಿಲ್ಲಿಸಿ, "ಹುಡುಗಿ ಸಣ್ಣದು, ಕೂಸು ಭಾರ, ಎಲ್ಲೋ ಜಾರಿರುತ್ತೆ, ಹೆದರ್ಕೊಂಡು ಬಾಯಿ ಬಿಡ್ತಾ ಇಲ್ಲ," ಅಂದಳು, ನನ್ನ ಮುಂದೆಯೇ, ನಾನು ಅಲ್ಲಿ ಇಲ್ಲವೇನೋ ಅನ್ನುವ ಹಾಗೆ. ಊಟಕ್ಕೆ ಕೂತಾಗ, ಸೊಪ್ಪು ಬಿಡಿಸುವಾಗ, ತಲೆ ಬಾಚುವಾಗ ಅದೇ ಪ್ರಶ್ನೆ. ನಾನು ಇಲ್ಲ ಅಂದಷ್ಟೂ ಅವರು ನನ್ನ ಮುಖ ನೋಡುತ್ತಿದ್ದರು. ನನಗೂ ಅನುಮಾನ ಶುರುವಾಯಿತು. ಒಬ್ಬಳೇ ಇರುವಾಗ ಅವಳನ್ನು ಎತ್ತಿಕೊಂಡು ನಡೆದಾಡಿದ ಜಾಗಗಳನ್ನೆಲ್ಲ ಮನಸ್ಸಿನಲ್ಲಿ ಸುತ್ತಿ ಬರುತ್ತಿದ್ದೆ. ಸ್ಕೂಲಿನ ಮೆಟ್ಟಿಲು, ಕೆರೆ ಏರಿ, ತೋಟದ ಬದು. ಬದುವಿನ ತುದಿಯಲ್ಲಿ ಒಂದು ಚಪ್ಪಟೆ ಕಲ್ಲಿತ್ತು. ಮಳೆಗಾಲದಲ್ಲಿ ಪಾಚಿ ಕಟ್ಟುತ್ತಿತ್ತು. ಜಾರಿದ್ದರೆ ಅಲ್ಲೇ ಜಾರಬೇಕು ಅಂತ ಅನಿಸುತ್ತಿತ್ತು.

ಹುಳು ಸೊಪ್ಪು ತಿನ್ನುವುದು ನಿಲ್ಲಿಸಿ ಹಣ್ಣಾಗುವ ಹೊತ್ತು ಅದು. ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುವ ಕೆಲಸ, ಒಂದು ಗಳಿಗೆ ತಡವಾದರೂ ನಷ್ಟ. ಅಂಥ ದಿನ ಅಮ್ಮ ಕೆಲಸ ಬಿಟ್ಟು ನನ್ನ ಮುಂದೆ ಬಂದು ಕೂತಳು. ಗಲ್ಲ ಹಿಡಿದು ಮುಖ ಎತ್ತಿದಳು. ಕೋಪ ಇರಲಿಲ್ಲ.

"ಹೊಡಿಯಲ್ಲ ಕಣೇ. ಆಣೆಗೂ ಹೊಡಿಯಲ್ಲ. ಎಲ್ಲಿ ಬಿತ್ತು ಅಂತ ಗೊತ್ತಾದ್ರೆ ಔಷಧಿ ಮಾಡಿಸ್ಬೋದು. ಪೆಟ್ಟು ಎಲ್ಲಿಗೆ ಬಿತ್ತು ಅಂತ ತಿಳಿದ್ರೆ ಸರಿ ಮಾಡೋರಿದ್ದಾರೆ. ಹೇಳಮ್ಮ. ನಿನ್ ತಂಗಿ ಅಲ್ವಾ?"

ಔಷಧಿ ಮಾಡಿಸಬಹುದು ಅನ್ನುವ ಮಾತನ್ನು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ನಾನು ಹೌದು ಅಂದರೆ ತಂಗಿಗೆ ವಾಸಿಯಾಗುತ್ತೆ, ಇಲ್ಲ ಅಂದರೆ ಆಗುವುದಿಲ್ಲ. ನನಗೆ ಅರ್ಥವಾದದ್ದು ಅಷ್ಟೇ.

"ತೋಟದ ಬದು ಹತ್ರ," ಅಂದೆ. "ಆ ಕಲ್ಲಿನ ಮೇಲೆ."

"ತಲೆ ತಗುಲ್ತಾ?"

"ಹೂಂ."

ಅಮ್ಮ ನನ್ನ ಗಲ್ಲ ಬಿಟ್ಟಳು. ಹೊಡೆಯಲಿಲ್ಲ, ಬೈಯಲಿಲ್ಲ. ಎಷ್ಟೋ ತಿಂಗಳಿಂದ ಬಿಗಿದುಕೊಂಡಿದ್ದ ಅವಳ ಮುಖ ಸಡಿಲವಾದದ್ದನ್ನು ನಾನು ಕಣ್ಣಾರೆ ನೋಡಿದೆ. ನನ್ನ ಪಕ್ಕದಲ್ಲಿದ್ದ ತಂಗಿಯನ್ನು ಎತ್ತಿಕೊಂಡು ಹೋದಳು. ಮತ್ತೆ ಅವಳನ್ನು ನನ್ನ ಕೈಗೆ ಕೊಡಲಿಲ್ಲ.

ಆಮೇಲೆ ನಾಟಿ ವೈದ್ಯ ಬಂದ. ತಲೆಗೆ ಪೆಟ್ಟು ಅಂತ ಗೊತ್ತಿದ್ದರಿಂದ ಅವನಿಗೆ ಕೆಲಸ ಸುಲಭವಾಯಿತು. ನೆತ್ತಿ, ಕತ್ತು, ಬೆನ್ನುಮೂಳೆ ಎಲ್ಲ ಎಣ್ಣೆ ಹಾಕಿ ನೀವಿದ. ಕತ್ತಿನ ನರ ತಿರುಗಿದೆ ಅಂದು ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಅವಳು ಕಿರುಚುತ್ತಿದ್ದಳು. ಅಮ್ಮ ಅವಳ ಕಾಲು ಹಿಡಿದುಕೊಂಡು ಕೂತು, "ಆಯ್ತು ಪುಟ್ಟಿ, ಆಯ್ತು, ಇನ್ನೊಂಚೂರು," ಅನ್ನುತ್ತಿದ್ದಳು. ನಾನು ಹುಳು ಮನೆಯ ಬಾಗಿಲಲ್ಲಿ ನಿಂತು ಕಿವಿ ಮುಚ್ಚಿಕೊಂಡಿದ್ದೆ. ವಾಸಿಯಾಗುತ್ತೆ ಅಂತ ಕಾದೆ. ದಬ್ಬೆ ಬಿಚ್ಚಿದಾಗ ಕತ್ತಿನಲ್ಲಿ ಗಾಯ ಇತ್ತು, ಬೇರೆ ಏನೂ ಬದಲಾಗಿರಲಿಲ್ಲ.

ಕೊನೆಗೆ ಅಪ್ಪ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ತೋರಿಸೋಣ ಅಂದ. ಬಿದ್ದದ್ದನ್ನು ಹೇಳಬೇಕಲ್ಲ, ಅದಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಚಿಂತಾಮಣಿಯಲ್ಲಿ ಬಸ್ಸು ಹತ್ತಿ, ಶಿಡ್ಲಘಟ್ಟದ ಮೇಲೆ ಹೋದೆವು. ಬಸ್ಸಿನಲ್ಲಿ ಎಲ್ಲರೂ ತಂಗಿಯ ಕೈಯನ್ನೇ ನೋಡುತ್ತಿದ್ದರು. ಅಮ್ಮ ಸೆರಗು ಎಳೆದು ಮುಚ್ಚಿದಳು.

ಡಾಕ್ಟರಿಗೆ ವಯಸ್ಸಾಗಿತ್ತು, ಅವಸರದ ಮನುಷ್ಯರಲ್ಲ. ತಂಗಿಯನ್ನು ನೆಲದ ಮೇಲೆ ಬಿಟ್ಟು ನಡೆಸಿ ನೋಡಿದರು. ಆಗಲೂ ನಡೆಯುತ್ತಿದ್ದಳು, ಕಾಲು ಬಗ್ಗಿಸದೆ, ಮರದ ಗೊಂಬೆಯ ಹಾಗೆ. ತಲೆಗೆ ಟೇಪು ಸುತ್ತಿ ಅಳೆದರು. ಮೊದಲು ಏನೇನು ಮಾತಾಡುತ್ತಿದ್ದಳು, ಯಾವುದು ಮೊದಲು ನಿಂತಿತು ಅಂತ ಕೇಳಿದರು. ಅಮ್ಮನಿಗೆ ಅಷ್ಟು ನೆನಪಿರಲಿಲ್ಲ, ನಾನೇ ಹೇಳಿದೆ. ಕಾಕಾ ಹೋಗಿ, ಬೂ ಹೋಗಿ, ಅತ್ತ ಹೋಗಿ, ಎಲ್ಲ ಹೇಳಿದೆ. ಆಮೇಲೆ ಅವರು ಕುರ್ಚಿಯಲ್ಲಿ ಹಿಂದಕ್ಕೆ ಕೂತರು.

"ಬಿದ್ದು ಆದದ್ದಲ್ಲಮ್ಮ ಇದು. ತಲೆಗೆ ಅಷ್ಟು ದೊಡ್ಡ ಪೆಟ್ಟಾಗಿದ್ರೆ ಅವತ್ತೇ ಗೊತ್ತಾಗ್ತಿತ್ತು. ವಾಂತಿ, ಪ್ರಜ್ಞೆ ತಪ್ಪೋದು, ಏನಾದ್ರೂ ಆಗ್ತಿತ್ತು. ಇದು ನಿಧಾನವಾಗಿ ಒಳಗಿಂದಾನೇ ಬಂದಿದೆ."

"ಬಿದ್ದಿದೆ ಸ್ವಾಮಿ," ಅಂದಳು ಅಮ್ಮ. "ಇವಳೇ ಹೇಳಿದ್ದಾಳೆ. ಇವಳ ಕೈಯಿಂದಾನೇ ಬಿದ್ದದ್ದು."

ಡಾಕ್ಟರು ನನ್ನ ಕಡೆ ತಿರುಗಿದರು. "ಏನಮ್ಮ, ನಿಜವಾಗ್ಲೂ ಬಿತ್ತಾ?"

ನಾನು ಅಮ್ಮನನ್ನು ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಇಲ್ಲ ಅಂದರೆ ಇಷ್ಟು ದೂರ ಬಂದದ್ದು, ದಬ್ಬೆ ಕಟ್ಟಿಸಿದ್ದು, ಎಲ್ಲ ಸುಳ್ಳಾಗುತ್ತದೆ ಅಂತ ಅನಿಸಿತು. ಹೂಂ ಅಂದೆ.

"ಯಾಕೆ ಬಂತು ಸ್ವಾಮಿ, ಒಳಗಿಂದ?" ಅಂತ ಕೇಳಿದ ಅಪ್ಪ.

"ಗೊತ್ತಿಲ್ಲಪ್ಪ. ಇದಕ್ಕೇನು ಹೆಸರು ಅಂತಾನೂ ನನಗೆ ಗೊತ್ತಿಲ್ಲ. ಔಷಧಿ ಇದೆ ಅಂತ ನಾನು ಸುಳ್ಳು ಹೇಳಲ್ಲ."

ಅಳು ಕಡಿಮೆಯಾಗಲಿ ಅಂತ ಒಂದು ಪುಡಿ ಕೊಟ್ಟರು, ಮೈಗೆ ಬಲ ಬರಲಿ ಅಂತ ಒಂದು ಟಾನಿಕ್ಕು ಬರೆದರು. ಹೊರಗೆ ಬಂದ ಮೇಲೆ ಅಮ್ಮ ಅಂದಳು, "ಏನೂ ಗೊತ್ತಿಲ್ಲ ಅಂತ ಅವರೇ ಒಪ್ಕೊಂಡ್ರು. ಬಿದ್ದದ್ದಲ್ಲ ಅಂತ ಮಾತ್ರ ಹೆಂಗೆ ಗೊತ್ತಾಯ್ತಂತೆ?"

ವಾಪಸ್ಸು ಬರುವಾಗ ಬಸ್ಸು ಶಿಡ್ಲಘಟ್ಟದಲ್ಲಿ ಬಹಳ ಹೊತ್ತು ನಿಂತಿತು. ಅಮ್ಮ ತಂಗಿಯನ್ನು ಮಡಿಲಲ್ಲಿಟ್ಟುಕೊಂಡು ಒಳಗೇ ಕೂತಿದ್ದಳು. ಅಪ್ಪ ನನ್ನನ್ನು ಕೆಳಗಿಳಿಸಿ ಹುರಿದ ಕಡಲೆಕಾಯಿ ಕೊಡಿಸಿದ. ಅಪ್ಪ ಗೂಡು ಮಾರಲು ಬರುತ್ತಿದ್ದ ಊರದು, ಗುರುತಿನವರು ಇಬ್ಬರು ಮಾತಾಡಿಸಿ ಹೋದರು. ಅವರು ಹೋದ ಮೇಲೆ ನನ್ನ ಮುಖ ನೋಡದೆ ಕೇಳಿದ.

"ನೀನು ಬೀಳಿಸ್ಲಿಲ್ಲ ಅಲ್ವಾ?"

"ಇಲ್ಲಪ್ಪ."

"ಮತ್ಯಾಕಮ್ಮ ಹಂಗಂದೆ?"

"ಹೇಳಿದ್ರೆ ಔಷಧಿ ಮಾಡಿಸ್ಬೋದು ಅಂತ ಅಮ್ಮ ಅಂದ್ಲು."

ಅಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ, ಎರಡು ಸಲ. ಈಗ ಬಸ್ಸು ಹತ್ತಿ ಅಮ್ಮನಿಗೆ ಹೇಳುತ್ತಾನೆ ಅಂದುಕೊಂಡೆ. ಎದೆ ಹಗುರವಾಯಿತು.

"ಇರಲಿ ಬಿಡು," ಅಂದ ಅಪ್ಪ. "ಈಗ ಬೇಡ. ನಿಮ್ಮಮ್ಮನ್ನ ನೋಡು. ಕಾರಣ ಏನೂ ಇಲ್ದೆ ಬಂತು ಅಂದ್ರೆ ಅವಳು ತಡ್ಕೊಳ್ಳಲ್ಲ. ಹಿಡ್ಕೊಳ್ಳೋಕೆ ಅವಳಿಗೆ ಏನೋ ಒಂದು ಬೇಕು. ಮುಂದೆ ಯಾವಾಗಾದ್ರೂ ಹೇಳಣ."

ಅಪ್ಪ ಕೆಟ್ಟವನಲ್ಲ. ಅವನು ಅಂದದ್ದು ನಿಜವೂ ಹೌದು. ಆದರೆ ಆ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದು ನಿಂತ ನನಗೆ ಒಂದು ಗೊತ್ತಾಯಿತು. ಅಮ್ಮ ಹಿಡಿದುಕೊಳ್ಳಬೇಕಾದ ಆ ಏನೋ ಒಂದು ನಾನೇ.

ಆ ಮುಂದೆ ಯಾವಾಗಾದರೂ ಅನ್ನುವುದು ಬರಲಿಲ್ಲ. ತಂಗಿಯ ಬೆನ್ನು ಒಂದು ಕಡೆಗೆ ಬಾಗುತ್ತಾ ಬಂತು. ಐದು ವರ್ಷವಾಗುವ ಹೊತ್ತಿಗೆ ನಡಿಗೆಯೂ ಹೋಯಿತು. ಅಮ್ಮ ಅವಳನ್ನು ಹೊತ್ತುಕೊಂಡೇ ತೋಟಕ್ಕೆ ಹೋಗುತ್ತಿದ್ದಳು, ನೆರಳಿಗೆ ಮಲಗಿಸಿ ಸೊಪ್ಪು ಬಿಡಿಸುತ್ತಿದ್ದಳು, ರಾಗಿ ಗಂಜಿಯನ್ನು ಬೆರಳಲ್ಲಿ ಒಂದೊಂದೇ ತೊಟ್ಟು ಬಾಯಿಗೆ ಬಿಡುತ್ತಿದ್ದಳು. ದಿನವೆಲ್ಲ ಅವಳ ಹತ್ತಿರ ಮಾತಾಡುತ್ತಿದ್ದಳು. ನನ್ನ ಹತ್ತಿರ ನೀರು ತಾ, ಸೊಪ್ಪು ಹೆಚ್ಚು, ಒಲೆ ನೋಡು ಅನ್ನುವಷ್ಟೇ. ಬೈಯಲಿಲ್ಲ, ಒಂದು ದಿನವೂ. ಬೈದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಒಂದು ಸಲ ಅಮ್ಮ ಬಾವಿ ಕಡೆ ಹೋದಾಗ ತಂಗಿಯ ಪಕ್ಕದಲ್ಲಿ ಕೂತೆ. ಅವಳ ಮೈಯಲ್ಲಿ ಎಲ್ಲ ಹೋದರೂ ಕಣ್ಣು ಮಾತ್ರ ಹೋಗಿರಲಿಲ್ಲ. ಎದುರಿಗೆ ಯಾರು ಬಂದರೂ ಮುಖವನ್ನೇ ದಿಟ್ಟಿಸಿ ನೋಡುತ್ತಿದ್ದಳು, ಏನೋ ಕೇಳುವವಳ ಹಾಗೆ. ನಾನು ಬಗ್ಗಿ, "ನಾನು ಬೀಳಿಸಿಲ್ಲ ಕಣೇ. ನಿನಗೆ ಗೊತ್ತಲ್ವಾ?" ಅಂದೆ. ನೋಡುತ್ತಲೇ ಇದ್ದಳು. ಆಮೇಲೆ ನಕ್ಕಳು. ಅವಳು ಸುಮ್ಮಸುಮ್ಮನೆಯೂ ನಗುತ್ತಿದ್ದಳು, ಆ ನಗುವಿಗೆ ಅರ್ಥವಿರಲಿಲ್ಲ. ಬಾಗಿಲಲ್ಲಿ ಕೊಡ ಇಳಿಸಿದ ಸದ್ದಾಯಿತು.

"ಎತ್ಕೊಂಡ್ಯಾ?"

"ಇಲ್ಲಮ್ಮ."

"ಎತ್ಕೋಬೇಡ."

ಎಂಟನೇ ವರ್ಷ ಒಂದು ಚಳಿಗಾಲದಲ್ಲಿ ಕಫ ಕಟ್ಟಿ ತಂಗಿ ತೀರಿಕೊಂಡಳು. ತೋಟದ ಪಕ್ಕದಲ್ಲೇ ಮಣ್ಣು ಮಾಡಿದರು. ಬಂದ ಹೆಂಗಸರು ಅಮ್ಮನಿಗೆ, ಒಳ್ಳೇದೇ ಆಯ್ತು, ಮಗೂಗೂ ಬಿಡುಗಡೆ, ನಿಂಗೂ ಬಿಡುಗಡೆ ಅಂದರು. ಅಮ್ಮ ಅವರಿಗೆ ಎದ್ದು ಹೋಗಿ ಅಂದಳು.

ಕಾರ್ಯವೆಲ್ಲ ಮುಗಿದ ಮೇಲೆ ನಾನು ಹೇಳಿದೆ. ಅಪ್ಪ ಹೇಳುತ್ತಾನೆಂದು ಎಷ್ಟು ವರ್ಷ ಕಾಯುವುದು? ಅಮ್ಮ ಸೊಪ್ಪು ಹೆಚ್ಚುತ್ತಿದ್ದಳು.

"ಅಮ್ಮ, ನಾನು ಬೀಳಿಸಿರಲಿಲ್ಲ."

ಹೆಚ್ಚುವ ಕೈ ನಿಲ್ಲಲಿಲ್ಲ. "ಈಗ ಹಂಗಂದ್ರೆ ಏನು ಬಂತು?"

"ನಿಜ ಅಮ್ಮ. ನೀನು ಔಷಧಿ ಮಾಡಿಸ್ಬೋದು ಅಂದೆ, ಅದಕ್ಕೇ ಹೇಳ್ದೆ. ಅಪ್ಪನ್ನ ಕೇಳು."

ಅಪ್ಪ ಜಗಲಿಯಿಂದ ಎದ್ದು ಬಂದ. "ಹೌದು ಕಣೇ," ಅಂದ. "ನಂಗೂ ಅವತ್ತೇ ಹೇಳಿದ್ಲು. ಡಾಕ್ಟರೂ ಹೇಳಿದ್ರಲ್ಲ."

ಅಮ್ಮ ನಮ್ಮಿಬ್ಬರನ್ನೂ ನೋಡಿದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ. "ಅಪ್ಪ ಮಗಳು ಮಾತಾಡ್ಕೊಂಡಿದ್ದೀರ," ಅಂದಳು. "ಆಯ್ತು. ಬೀಳಿಸ್ಲಿಲ್ಲ. ಹಂಗಾದ್ರೆ ಯಾಕಾಯ್ತು ಹೇಳಿ. ಇಬ್ರಲ್ಲಿ ಯಾರಾದ್ರೂ ಹೇಳಿ."

ಅಪ್ಪ ನೆಲ ನೋಡಿದ. ಅಮ್ಮ ಮತ್ತೆ ಸೊಪ್ಪು ಹೆಚ್ಚತೊಡಗಿದಳು.

ಅವತ್ತು ಆದ ಇನ್ನೊಂದು ವಿಷಯವನ್ನು ನಾನು ಯಾರಿಗೂ ಹೇಳಿಲ್ಲ. ಬೀಳಿಸಲಿಲ್ಲ ಅಂತ ಬಾಯಲ್ಲಿ ಹೇಳುವಾಗಲೇ ನನ್ನ ಕಣ್ಣ ಮುಂದೆ ಆ ಬಿದ್ದದ್ದು ಕಾಣುತ್ತಿತ್ತು. ಕಾಲು ಜಾರಿದ್ದು, ಸೊಂಟದಿಂದ ಭಾರ ಕಳಚಿದ್ದು, ಕಲ್ಲಿನ ಮೇಲೆ ತಲೆ ತಗುಲಿದ ಸದ್ದು. ಇಷ್ಟು ವರ್ಷ ಅಷ್ಟು ಜನ ಕೇಳಿ ಕೇಳಿ ಅದು ನೆನಪಿನ ಹಾಗೇ ಆಗಿಹೋಗಿತ್ತು. ನಡೆಯಲಿಲ್ಲ ಅಂತ ನನಗೆ ಗೊತ್ತು. ಆದರೂ ನಡೆದದ್ದಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಅವಳು ಕಾಲು ಅಗಲಿಸಿಕೊಂಡು ನನ್ನ ಕಡೆ ನಡೆದು ಬಂದದ್ದೋ ಮಸುಕಾಗಿದೆ.

ಮೂರು ನಾಲ್ಕು ವರ್ಷಕ್ಕೆ ನನ್ನನ್ನು ಗೌರಿಬಿದನೂರು ತಾಲ್ಲೂಕಿಗೆ, ತೊಂಡೇಬಾವಿಯ ಹತ್ತಿರದ ಹಳ್ಳಿಗೆ ಕೊಟ್ಟರು. ಮೊದಲ ಹೆರಿಗೆಗೆ ತವರಿಗೆ ಬಂದೆ. ಗಂಡು ಮಗು. ಅಮ್ಮ ಬಾಣಂತನದಲ್ಲಿ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನನಗೆ ಬಿಸಿನೀರು, ಖಾರ, ಸಾಂಬ್ರಾಣಿ; ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀವಿ ಎರೆಯುತ್ತಿದ್ದಳು. ಆದರೆ ಮಗುವನ್ನು ನಾನು ಕೂತಿದ್ದಾಗ ಮಾತ್ರ ನನ್ನ ಮಡಿಲಿಗೆ ಕೊಡುತ್ತಿದ್ದಳು. ನಾನು ಅದನ್ನು ಎತ್ತಿಕೊಂಡು ಎದ್ದರೆ, ಎಲ್ಲಿದ್ದರೂ ಬಂದು, ನನ್ನ ತೋಳಿನ ಕೆಳಗೆ ತನ್ನ ಎರಡು ಕೈ ಒಡ್ಡುತ್ತಿದ್ದಳು. ಹಾಗೆ ಮಾಡುತ್ತಿದ್ದೇನೆ ಅಂತ ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಹೊರಡುವ ದಿನ ನನ್ನ ಗಂಡ ಕರೆದುಕೊಂಡು ಹೋಗಲು ಬಂದಿದ್ದರು. ಗಾಡಿ ಬಾಗಿಲಿಗೆ ಬಂತು. ನಾನು ಹತ್ತಿ ಕೂತು ಕೈ ಚಾಚಿದೆ. ಅಮ್ಮ ಮಗುವನ್ನು ಮುದ್ದಿಟ್ಟು, ನನ್ನ ಕೈ ದಾಟಿಸಿ ಅವರ ಕೈಗೆ ಕೊಟ್ಟಳು.

"ಊರು ಮುಟ್ಟೋವರೆಗೂ ನೀವೇ ಹಿಡ್ಕೊಂಡಿರಿ," ಅಂದಳು.

ಅವರು ಅದನ್ನು ಅತ್ತೆಯ ಪ್ರೀತಿ ಅಂದುಕೊಂಡು ನಕ್ಕರು. ಗಾಡಿ ಹೊರಟಿತು. ನನಗೆ ನಗಲೂ ಆಗಲಿಲ್ಲ, ಮಗುವನ್ನು ಈಚೆ ಕೊಡಿ ಅನ್ನಲೂ ಆಗಲಿಲ್ಲ. ಮಗ ಬೋರಲು ಬಿದ್ದ, ಕೂತ, ನಡೆದ, ಮಾತಾಡಿದ. ಊರವರೆಲ್ಲ ಚುರುಕು ಹುಡುಗ ಅಂದರು. ಅವನ ಒಂದೊಂದು ಹೊಸ ಮಾತಿಗೂ, ಇದು ಎಷ್ಟು ದಿನ ಇರುತ್ತೋ ಅಂತ ಹೆದರುತ್ತಿದ್ದೆ. ಅವನಿಗೆ ನಾಲ್ಕು ತುಂಬಿ, ಮನೆಯಲ್ಲೆಲ್ಲ ಓಡಾಡಿ ಎಲ್ಲದಕ್ಕೂ ಯಾಕೆ ಯಾಕೆ ಅಂತ ಕೇಳುವ ಹೊತ್ತಿಗೆ ಆ ಭಯ ಹೋಯಿತು. ಅಷ್ಟರೊಳಗೆ ಅವನ ಎಳೆತನವೂ ಮುಗಿದಿತ್ತು. ಅದನ್ನು ನಾನು ನೋಡಿದ್ದೆ, ಆದರೆ ಒಂದು ದಿನವೂ ಅದರಿಂದ ಸಂತೋಷಪಟ್ಟಿರಲಿಲ್ಲ.